ಮೂಸಿ ಮೂಸಿ ಮರೆತ ಇಲಿಗಳು

ಇಲಿಗಳ ಸಂಗಡ ಇಪ್ಪತ್ತಾರು ವರ್ಷ ಕಳೆದವಳಿಗೆ ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ತೊಂದರೆ ಇಷ್ಟೇ, ಅವು ನಡೆಯುವ ಹೊತ್ತಿಗೆ ನಗು ಬರುವುದಿಲ್ಲ. ಮನೆಗೆ ಬಂದು ಕಾಫಿ ಕುಡಿಯುವಾಗ ಬರುತ್ತದೆ, ಅದೂ ಒಬ್ಬಳೇ ಇದ್ದಾಗ. ನಮ್ಮೆಜಮಾನರು ಅಡುಗೆಮನೆಗೆ ಇಣುಕಿ, "ಇವತ್ತು ಯಾವ ಇಲಿ?" ಎಂದು ಕೇಳಿ ಮತ್ತೆ ಪೇಪರ್ ಓದಲು ಹೋಗುತ್ತಾರೆ.

ನಾನು ಹುಟ್ಟಿ ಬೆಳೆದು, ಮದುವೆಯಾಗಿ, ಇನ್ನೂ ಇರುವುದು ಭದ್ರಾವತಿಯ ನ್ಯೂ ಟೌನಿನಲ್ಲಿ. ಕೆಲಸ ಶಂಕರಘಟ್ಟದ ಹತ್ತಿರದ ಒಂದು ಪ್ರಯೋಗಾಲಯದಲ್ಲಿ. ಅಲ್ಲಿನ ಬಿಳಿ ಇಲಿಗಳ ಕೋಣೆಗೆ ನಾನೇ ಯಜಮಾನಿ. ಹೊತ್ತುಹೊತ್ತಿಗೆ ಊಟ, ನೀರು, ಕೆಳಗೆ ಹಾಸಲು ಭತ್ತದ ಹೊಟ್ಟು, ಕಾಯಿಲೆ ಬಂದರೆ ಆರೈಕೆ, ಎಲ್ಲ ನನ್ನದು. ಅಮ್ಮ ಬದುಕಿದ್ದಾಗ ನೆಂಟರಿಗೆ, "ಮಗಳು ಲ್ಯಾಬಲ್ಲಿದಾಳೆ" ಎಂದಷ್ಟೇ ಹೇಳಿ ಮಾತು ಬದಲಾಯಿಸುತ್ತಿದ್ದಳು. ನನಗೇನೂ ಬೇಸರವಿಲ್ಲ. ಇಲಿಗಳು ಎದುರು ಮಾತಾಡುವುದಿಲ್ಲ, ಸಾರಿಗೆ ಉಪ್ಪು ಕಮ್ಮಿಯಾಗಿದೆ ಎನ್ನುವುದಿಲ್ಲ. ಈಗ ಹೇಳಹೊರಟಿರುವುದು ಈಚಿನ ಎರಡು ವರ್ಷಗಳ ಮಾತು. ಒಬ್ಬ ಹುಡುಗಿಯ ಪಿಎಚ್‌ಡಿ ನನ್ನ ಇಲಿಗಳ ಮೂಗಿನ ತುದಿಯ ಮೇಲೆ ನಿಂತಿದ್ದ ಕಾಲದ್ದು.

೧. ಹೆಣ್ಣೋ ಗಂಡೋ

ನಮ್ಮ ಬಸ್ಸಿನ ಕಂಡಕ್ಟರು ನನ್ನನ್ನು ಕರೆಯುವುದು "ಇಲಿ ಮೇಡಂ" ಎಂದು. ಪ್ರೀತಿಯಿಂದಲೇ ಕರೆಯುತ್ತಾನೆ, ಆದರೆ ಬಸ್ಸಿನ ಕೊನೆಯ ಸೀಟಿಗೂ ಕೇಳಿಸುವ ಹಾಗೆ. ಒಂದು ಬೆಳಿಗ್ಗೆ ಪಕ್ಕದಲ್ಲಿ ಕೂತಿದ್ದ ಹೆಂಗಸು ಅದನ್ನು ಕೇಳಿ ನನ್ನ ಕಡೆ ಸರಿದರು.

"ಇಲಿ ಪಾಷಾಣ ಮಾರ್ತೀರೇನ್ರೀ?"

"ಇಲ್ಲಮ್ಮ, ನಾವು ಇಲಿ ಸಾಕ್ತೀವಿ."

"ಸಾಕ್ತೀರಾ?" ಆಕೆ ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದರು. "ಎಲ್ಲಿಂದ ತರ್ತೀರಿ?"

"ದೂರದ ಊರಿಂದ ತರಿಸ್ತೀವಿ."

ಆಕೆ ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ನನ್ನ ತಲೆ ಕೆಟ್ಟಿದೆ ಎಂದುಕೊಂಡಿರಬೇಕು ಎಂದು ನಾನೂ ಅಲ್ಲಿಗೇ ಬಿಟ್ಟೆ. ಮರುದಿನ ಅದೇ ಬಸ್ಸಿಗೆ ಆಕೆ ಹತ್ತಿದಾಗ ಕೈಯಲ್ಲಿ ಟವೆಲ್ ಮುಚ್ಚಿದ ಇಲಿಬೋನು. ಒಳಗೊಂದು ಊರ ಇಲಿ, ಹೆಗ್ಗಣದ ಸ್ವಂತ ತಮ್ಮ ಎನ್ನಬಹುದಾದ ಗಾತ್ರದ್ದು.

"ತಗೊಳ್ಳಿ ಮಾರಾಯ್ತಿ. ಇಷ್ಟು ಹತ್ರ ನಾವಿರುವಾಗ ದೂರದಿಂದ ಯಾಕೆ ತರಿಸ್ತೀರಿ? ನಮ್ಮನೇಲಿ ಇನ್ನೂ ಇದಾವೆ. ದಿನಾ ಒಂದೊಂದು ತಂದುಕೊಡ್ತೀನಿ."

ನಮ್ಮವು ಜಾತಿ ನೋಡಿ ತರಿಸುವ ಇಲಿಗಳು ಎಂದು ಹೇಳಿ ನೋಡಿದೆ. "ಇದೂ ಒಳ್ಳೆ ಮನೆತನದ್ದೇ ಕಣ್ರೀ, ಮೂರು ತಲೆಮಾರಿಂದ ನಮ್ಮ ಅಟ್ಟದಲ್ಲೇ ಇರೋದು" ಎಂದರು ಆಕೆ. ಅಷ್ಟರಲ್ಲಿ ಕಂಡಕ್ಟರು ಬಂದು ಟವೆಲ್ ಎತ್ತಿ ನೋಡಿ, ಇದಕ್ಕೆ ಟಿಕೆಟ್ ಆಗುತ್ತದೆ ಎಂದ.

"ಹೆಣ್ಮಕ್ಕಳಿಗೆ ಫ್ರೀ ಅಲ್ವೇನಪ್ಪ?"

"ಇದು ಹೆಣ್ಣಾ?"

ಇಡೀ ಬಸ್ಸು ನನ್ನ ಕಡೆ ತಿರುಗಿತು. ಆ ವಿಷಯದಲ್ಲಿ ಅಧಿಕಾರದಿಂದ ಮಾತಾಡಬಲ್ಲವಳು ಅಲ್ಲಿ ನಾನೊಬ್ಬಳೇ. ಬೋನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಬಾಲದ ಕೆಳಗೆ ನೋಡಿ, "ಹೆಣ್ಣು" ಎಂದೆ. ಹಿಂದಿನ ಸೀಟಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಂಡಕ್ಟರು ಮಾತ್ರ ಜಗ್ಗಲಿಲ್ಲ.

"ಸರಿ ಮೇಡಂ, ನೀವು ಹೇಳಿದ್ಮೇಲೆ ಮುಗೀತು. ಆಧಾರ್ ಕಾರ್ಡ್ ತೋರಿಸ್ಲಿ, ಫ್ರೀ ಟಿಕೆಟ್ ಕೊಡ್ತೀನಿ."

೨. ವಾಸನಾಕ್ಷಯ

ಚಪ್ಪಾಳೆ ತಟ್ಟಿದವಳು ನನ್ನ ಹಿಂದೆಯೇ ಇಳಿದು, ನನ್ನ ಹಿಂದೆಯೇ ನಡೆದು, ನಮ್ಮ ಪ್ರಯೋಗಾಲಯದ ಬಾಗಿಲಲ್ಲೇ ಬಂದು ನಿಂತಳು. ಶಿವಮೊಗ್ಗದ ಹುಡುಗಿ. ಮೊದಲಿದ್ದ ಗೈಡ್ ನಿವೃತ್ತರಾಗಿ, ಪ್ರಯೋಗಾಲಯ ನಡೆಸುವ ನಮ್ಮ ಮೇಡಂ ಕೈಕೆಳಗೆ ಬರುವ ಹೊತ್ತಿಗೆ ಅವಳ ನಾಲ್ಕು ವರ್ಷ ಆಗಲೇ ಕಳೆದುಹೋಗಿತ್ತು. ಉಳಿದದ್ದು ಎರಡೇ ವರ್ಷ. ಅಷ್ಟರಲ್ಲಿ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಆರು ವರ್ಷ ನೀರಿಗೆ ಹಾಕಿದ ಹಾಗೆ. ಇದನ್ನೆಲ್ಲ ಅವಳು ಮೊದಲ ದಿನವೇ ನನಗೆ ಹೇಳಿ, "ಅಕ್ಕಾ, ನನ್ನ ಜೀವನ ನಿಮ್ಮ ಇಲಿಗಳ ಕೈಯಲ್ಲಿದೆ" ಎಂದಳು. ಇಲಿಗಳಿಗೆ ಕೈಗಿಂತ ಮೂಗು ಮುಖ್ಯ ಎಂದು ನಾನು ಅಂದೆ.

ಅವಳ ಪ್ರಯೋಗವೂ ಮೂಗಿನದ್ದೇ. ಇಲಿಗೆ ಕಣ್ಣು ಅಷ್ಟಕ್ಕಷ್ಟೇ. ದೊಡ್ಡ ಇಲಿಯ ಗೂಡಿಗೆ ಹೊಸ ಮರಿಯೊಂದನ್ನು ಬಿಟ್ಟರೆ, ಮದುವೆಮನೆಯಲ್ಲಿ ಹೆಂಗಸರು ಹೊಸ ಸೊಸೆಯನ್ನು ನೋಡುವ ಹಾಗೆ ತಲೆಯಿಂದ ಬಾಲದವರೆಗೆ ಮೂಸಿ ನೋಡುತ್ತದೆ. ಮರಿಯನ್ನು ತೆಗೆದು, ಅರ್ಧ ಗಂಟೆ ಬಿಟ್ಟು ಮತ್ತೆ ಅದನ್ನೇ ಬಿಟ್ಟರೆ, "ಓ, ನೀನಾ" ಎಂಬಂತೆ ಒಂದು ಸಲ ಮೂಸಿ ತನ್ನ ಪಾಡಿಗೆ ಹೋಗುತ್ತದೆ. ಅಂದರೆ ಮರಿಯ ವಾಸನೆ ಅದಕ್ಕೆ ನೆನಪಿದೆ ಎಂದರ್ಥ. ಈ ನೆನಪು ನಿಲ್ಲಬೇಕಾದರೆ ಮಿದುಳಿನಲ್ಲಿ ಕೆಲವು ರಾಸಾಯನಿಕಗಳು ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಂತೆ. ಹುಡುಗಿ ಬೆನ್ನು ಹತ್ತಿದ್ದ ಸುದ್ದಿಗಾರನ ಹೆಸರು ಅಸಿಟೈಲ್‌ಕೋಲಿನ್. ಅರ್ಧದಷ್ಟು ಇಲಿಗಳಿಗೆ ಅವನ ಬಾಯಿ ಕಟ್ಟುವ ಮದ್ದು, ಉಳಿದರ್ಧಕ್ಕೆ ಬರೀ ಉಪ್ಪುನೀರು, ಎರಡೂ ಸೂಜಿಯಲ್ಲಿ. ಮದ್ದಿನ ಇಲಿಗಳು ಮರಿಯನ್ನು ಮರೆತು ಮತ್ತೆ ಹೊಸದಾಗಿ ಮೂಸಬೇಕು. ಉಪ್ಪುನೀರಿನ ಇಲಿಗಳು ಗುರುತು ಹಿಡಿದು ಸುಮ್ಮನಾಗಬೇಕು. ಎಷ್ಟು ಸೆಕೆಂಡು ಮೂಸಿತು ಎಂದು ಸ್ಟಾಪ್‌ವಾಚ್ ಹಿಡಿದು ಬರೆದುಕೊಳ್ಳುವುದು, ಅಷ್ಟೇ ಪ್ರಯೋಗ.

ಹುಡುಗಿಯ ತಂದೆ ನಿವೃತ್ತ ಸಂಸ್ಕೃತ ಮೇಷ್ಟ್ರು. ಮಗಳ ವಿಷಯ ಏನೆಂದು ಕೇಳಿದಾಗ ಅವಳು ಚುಟುಕಾಗಿ "ವಾಸನೆ ಮತ್ತು ಸ್ಮೃತಿ" ಎಂದುಬಿಟ್ಟಿದ್ದಳು. ಶಾಸ್ತ್ರದಲ್ಲಿ ವಾಸನೆ ಎಂದರೆ ಹಿಂದಿನ ಜನ್ಮಗಳಿಂದ ಮನಸ್ಸಿಗೆ ಅಂಟಿಕೊಂಡು ಬಂದ ಸಂಸ್ಕಾರವಂತೆ. ಮಗಳು ವೇದಾಂತದಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕಿದ್ದಾಳೆ ಎಂದು ಅವರು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದರು. ಇದೊಂದೂ ನನಗೆ ಗೊತ್ತಿರಲಿಲ್ಲ. ಒಂದು ದಿನ ಮಗಳು ಲೈಬ್ರರಿಗೆ ಹೋಗಿದ್ದಾಗ ಶುಭ್ರವಾದ ಪಂಚೆ ಉಟ್ಟು, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನಮ್ಮಲ್ಲಿಗೆ ಬಂದರು.

"ಇಲ್ಲಿ ವಾಸನೆಯ ವಿಚಾರ ನಡೆಯುತ್ತಂತಲ್ಲ ತಾಯಿ?"

"ಹೌದು ಸಾರ್, ನಾನಂತೂ ಇಪ್ಪತ್ತಾರು ವರ್ಷದಿಂದ ಅದರಲ್ಲೇ ಇದೀನಿ."

ಅವರು ಕೈ ಮುಗಿದರು. ನಾನೂ ಮುಗಿದೆ.

"ಅದು ಅಷ್ಟು ಸುಲಭಕ್ಕೆ ಬಿಡೋದಲ್ಲ, ಅಲ್ವಾ?"

"ಬಿಡಲ್ಲ ಸಾರ್. ಎರಡು ಸಲ ಸ್ನಾನ ಮಾಡಿದ್ರೂ ಹೋಗಲ್ಲ."

"ಸತ್ಯವಾದ ಮಾತು! ಸ್ನಾನದಿಂದ ಹೋಗೋದಲ್ಲ ಅದು. ಜನ್ಮದಿಂದ ಜನ್ಮಕ್ಕೆ ಹಿಂಬಾಲಿಸುತ್ತೆ."

"ಜನ್ಮದ ಮಾತು ನಂಗೊತ್ತಿಲ್ಲ ಸಾರ್. ಭದ್ರಾವತಿ ಬಸ್‌ಸ್ಟ್ಯಾಂಡಿನವರೆಗಂತೂ ಬರುತ್ತೆ."

ಅವರು ಕಣ್ಣು ಮುಚ್ಚಿ ತಲೆದೂಗಿದರು. ನನ್ನ ಮಾತಿನಲ್ಲಿ ಏನೋ ಗೂಢಾರ್ಥ ಕಂಡಿರಬೇಕು. ಆಮೇಲೆ ಬಹಳ ವಿನಯದಿಂದ ಕೇಳಿದರು, "ಹಾಗಾದ್ರೆ ವಾಸನಾಕ್ಷಯಕ್ಕೆ ಇಲ್ಲಿ ಯಾವ ಮಾರ್ಗ ಅನುಸರಿಸ್ತೀರಿ?"

"ಎರಡು ದಿನಕ್ಕೊಂದ್ಸಲ ಹೊಟ್ಟು ಬದಲಾಯಿಸ್ತೀವಿ ಸಾರ್."

೩. ಆಪಾ ಕೊಟ್ಟ ಬಟ್ಟೆ

ಹೆದರಿಸುವ ವಾಸನೆ ಎಷ್ಟು ದಿನ ನೆನಪಿರುತ್ತದೆ ಎಂದು ಒಂದು ಸಣ್ಣ ಪ್ರಯೋಗವನ್ನೂ ಸೇರಿಸು ಎಂದು ಮೇಡಂ ಹುಡುಗಿಗೆ ಹೇಳಿದರು. ತ್ಯಾವರೆಕೊಪ್ಪದ ಹುಲಿ-ಸಿಂಹಧಾಮದಿಂದ ಹುಲಿ ಮಲಗಿದ ಹುಲ್ಲು ತರಿಸೋಣ ಎಂದು ಹುಡುಗಿ ಕುಣಿದಳು.

"ಬೇಡ ಮಾರಾಯ್ತಿ. ನಾವು ಅರ್ಜಿ ಬರೆದು, ಅದಕ್ಕೆ ನಮ್ಮ ಆಫೀಸಿನ ಮೂರು ಸಹಿ ಆಗೋ ಹೊತ್ತಿಗೆ ಇಲಿಗಳಿಗಿರಲಿ, ಆ ಹುಲಿಗೇ ವಯಸ್ಸಾಗಿರುತ್ತೆ. ಬೆಕ್ಕು ಸಾಕು" ಎಂದರು ಮೇಡಂ.

ನಮ್ಮ ಎದುರುಮನೆಯಾಕೆಯನ್ನು ನಾವು ಆಪಾ, ಅಂದರೆ ಅಕ್ಕ, ಎನ್ನುತ್ತೇವೆ. ಅವರು ಒಂದು ಬೆಕ್ಕು ಸಾಕಿದ್ದಾರೆ. ಅವರ ಯಜಮಾನರದ್ದು ಗ್ಯಾರೇಜು, ಬೆಕ್ಕಿನದ್ದು ಅದರ ಮೇಲ್ವಿಚಾರಣೆ. ಸಂಜೆ ಹೋಗಿ, "ಆಪಾ, ನಿಮ್ಮ ಬೆಕ್ಕು ಮಲಗೋ ಬಟ್ಟೆ ಎರಡು ದಿನಕ್ಕೆ ಬೇಕಿತ್ತು" ಎಂದೆ.

"ಯಾಕಕ್ಕಾ?"

"ನಮ್ಮ ಇಲಿಗಳಿಗೆ ಹಾಸಕ್ಕೆ."

ಆಪಾ ನನ್ನ ಮುಖ ನೋಡಿದರು, ಬೆಕ್ಕಿನ ಮುಖ ನೋಡಿದರು. ಕೇಳಿದ್ದಕ್ಕೆ ಇಲ್ಲ ಎನ್ನುವ ಹೆಂಗಸಲ್ಲ. "ನಾಡಿದ್ದು ಕೊಡ್ತೀನಿ" ಎಂದರು.

ಕೊಟ್ಟ ಬಟ್ಟೆಯನ್ನು ನಾನು ಕವರು ಬಿಚ್ಚದೆ, ಉಸಿರು ಬಿಗಿಹಿಡಿದು ತಂದೆ. ಮೇಡಂ, ಹುಡುಗಿ, ಒಂದು ಕ್ಯಾಮೆರಾ ಎಲ್ಲ ಸಿದ್ಧ. ಬಟ್ಟೆ ಮೂಸಿದ ಕೂಡಲೇ ಇಲಿಗಳು ಮೂಲೆ ಸೇರಿ ಮರಗಟ್ಟಬೇಕು ಎಂದು ಪುಸ್ತಕದಲ್ಲಿದೆ. ನಮ್ಮವು ಬಟ್ಟೆಯನ್ನು ಎಳೆದಾಡಿ ಗೂಡು ಮಾಡಿಕೊಂಡು, ಒಂದರ ಮೇಲೊಂದು ಒರಗಿ, ನೆಮ್ಮದಿಯಾಗಿ ನಿದ್ದೆ ಹೋದವು. ಮೊದಲು ಎಲ್ಲರೂ ಕಕ್ಕಾಬಿಕ್ಕಿ. ಆಮೇಲೆ ಹುಡುಗಿಯ ಕಣ್ಣು ಹೊಳೆಯಿತು. ಬೆಕ್ಕಿಗೆ ಹೆದರದ ಇಲಿಗಳು ಎಂದರೆ ದೊಡ್ಡ ಸುದ್ದಿ, ಅದಕ್ಕೇ ಒಂದು ಬೇರೆ ಲೇಖನ ಬರೆಯಬಹುದು ಎಂದಳು. ಮೇಡಂ ಕೂಡ ಸ್ವಲ್ಪ ಹೊತ್ತು ಆ ಲೇಖನದ ಶೀರ್ಷಿಕೆ ಯೋಚಿಸಿದರು.

ಸಂಜೆ ಆಪಾಗೆ ಬಟ್ಟೆ ವಾಪಸ್ಸು ಕೊಡುತ್ತ, ಇಲಿಗಳಿಗೆ ನಿಮ್ಮ ಬೆಕ್ಕಿನ ಭಯವೇ ಇಲ್ಲ ಎಂದೆ. ಆಪಾ ಮುಖ ಅರಳಿತು.

"ಚೆನ್ನಾಗಿ ಮಲಗಿದ್ವಾ? ಬೇರೆ ಮನೆಗೆ ಹೋಗೋ ಬಟ್ಟೆ ಹಂಗೇ ಗಲೀಜು ಕೊಡಕ್ಕಾಗುತ್ತಾ ಅಕ್ಕಾ! ಎರಡು ಸಲ ಸೋಪ್ ಹಾಕಿ ಒಗ್ದೆ, ಬಿಸಿಲಿಗೆ ಹಾಕ್ದೆ, ಇಸ್ತ್ರಿ ಮಾಡ್ದೆ, ಒಂದು ತೊಟ್ಟು ಅತ್ತರೂ ಹಚ್ಚಿದೆ. ಇಲಿ ಆದ್ರೇನು, ನೆಂಟರು ನೆಂಟರೇ, ಮೆಹಮಾನ್ ಅಲ್ವಾ?"

೪. ಮರೆವು

ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ದೀಪಾವಳಿಯ ಹೊತ್ತಿಗೆ ಶುರುವಾಯಿತು. ಅಲ್ಲಿಯವರೆಗೆ ಹೇಳಿದ ಹಾಗೆ ಕೇಳಿಕೊಂಡಿದ್ದ ಉಪ್ಪುನೀರಿನ ಇಲಿಗಳು ಒಂದು ವಾರದಿಂದ ಇನ್ನೊಂದು ವಾರಕ್ಕೆ ಎಲ್ಲವನ್ನೂ ಮರೆಯತೊಡಗಿದವು. ಅರ್ಧ ಗಂಟೆಯ ಹಿಂದೆ ನೋಡಿದ ಮರಿಯನ್ನೇ ಮತ್ತೆ ಬಿಟ್ಟರೆ, ಹುಟ್ಟಿದಾಗಿನಿಂದ ಕಂಡೇ ಇಲ್ಲ ಎಂಬಂತೆ ಮೂಸುತ್ತಿದ್ದವು. ಮದ್ದಿನವೂ ಮರೆತವು, ಉಪ್ಪುನೀರಿನವೂ ಮರೆತವು. ಹೀಗಾದರೆ ಮದ್ದಿನಿಂದಲೇ ಮರೆವು ಬಂತು ಎಂದು ಯಾವ ಬಾಯಲ್ಲಿ ಹೇಳುವುದು? ಹುಡುಗಿಯ ಪುಸ್ತಕದಲ್ಲಿ ಎರಡು ಸಾಲಿನ ಅಂಕಿಗಳೂ ಅವಳಿ ಮಕ್ಕಳ ಹಾಗೆ ಕಾಣುತ್ತಿದ್ದವು.

"ಶಿವರಾತ್ರಿಯೊಳಗೆ ಸರಿಹೋಗ್ಲಿಲ್ಲ ಅಂದ್ರೆ ಬರೆಯಕ್ಕೆ ಸಮಯ ಉಳಿಯಲ್ಲ" ಎಂದರು ಮೇಡಂ. ಹುಡುಗಿ ಡಬ್ಬಿ ಬಿಚ್ಚುವುದನ್ನೇ ಬಿಟ್ಟಳು. ಅವಳ ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನವನ್ನು ನಾನು ಒತ್ತಾಯ ಮಾಡಿ ತಿನ್ನಿಸುತ್ತಿದ್ದೆ.

ಎಲ್ಲೋ ಏನೋ ವಾಸನೆ ಸೇರಿಕೊಳ್ಳುತ್ತಿದೆ ಎಂದು ನಾನು ಪತ್ತೇದಾರಿಗೆ ಇಳಿದೆ. ನೆಲ ಒರೆಸುವ ಫಿನಾಯಿಲು ನಿಲ್ಲಿಸಿದೆವು. ಹೊಟ್ಟಿನ ಚೀಲ ಬದಲಾಯಿಸಿದೆವು. ಮರಿಗಳನ್ನು ಆ ಅರ್ಧ ಗಂಟೆ ಪಕ್ಕದ ಕೋಣೆಯಲ್ಲಿ ಇಟ್ಟುಕೊಳ್ಳುವವರು ಪೆರಿಯಮ್ಮ. ನ್ಯೂ ಟೌನಿನ ತಮಿಳು ಹೆಂಗಸು, ದೀಪಾವಳಿಗೆ ಸ್ವಲ್ಪ ಮುಂಚೆ ಹಾಸ್ಟೆಲಿನಿಂದ ನಮ್ಮಲ್ಲಿಗೆ ಅಟೆಂಡರಾಗಿ ಬಂದವರು. ಪೆರಿಯಮ್ಮ ಎಂದರೆ ದೊಡ್ಡಮ್ಮ, ಎಲ್ಲರೂ ಅವರನ್ನು ಹಾಗೇ ಕರೆಯುತ್ತೇವೆ. ಅವರನ್ನೂ ವಿಚಾರಿಸಿದೆ. ಪೌಡರ್ ಇಲ್ಲ, ಎಲೆಯಡಿಕೆ ಇಲ್ಲ, ಕೆಲಸದ ಹೊತ್ತಿನಲ್ಲಿ ಹೂವೂ ಇಲ್ಲ. ಕೈಯನ್ನು ಬರೀ ನೀರಿನಲ್ಲಿ ಮೂರು ಸಲ ತೊಳೆಯುತ್ತಾರೆ. ಅವರಷ್ಟು ಚೊಕ್ಕಟ ನಾನೂ ಇರಲಿಲ್ಲ.

ಹಾಗಾದರೆ ಕಳ್ಳಿ ನಾನೇ ಇರಬೇಕು ಎನ್ನಿಸಿತು. ಅಂದಿನಿಂದ ತಲೆಗೆ ಕೊಬ್ಬರಿ ಎಣ್ಣೆ ಬಿಟ್ಟೆ, ಮಲ್ಲಿಗೆ ಬಿಟ್ಟೆ, ಸೋಪು ಬಿಟ್ಟೆ, ಕಡಲೆಹಿಟ್ಟು ಹಚ್ಚಿ ಸ್ನಾನ ಮಾಡಿದೆ. ಒಗ್ಗರಣೆಗೆ ಇಂಗು ಹಾಕುವುದನ್ನೂ ಬಿಟ್ಟೆ. ಹೀಗೆ ಮೂರು ವಾರ. ಇಲಿಗಳಲ್ಲಿ ಏನೂ ಬದಲಾವಣೆ ಇಲ್ಲ. ಅದಕ್ಕಿಂತ ಬೇಸರವಾದದ್ದು ಇನ್ನೊಂದು.

"ನೋಡು, ಹೂವಿಲ್ಲ, ಎಣ್ಣೆಯಿಲ್ಲ, ಬೈರಾಗಿ ಹಾಗೆ ಮನೇಲಿ ಓಡಾಡ್ತಿದ್ರೂ ನಮ್ಮನೆಯವರಿಗೆ ಗೊತ್ತೇ ಆಗಿಲ್ಲ. ಇಂಗು ಇಲ್ಲದ್ದು ಮಾತ್ರ ಮೊದಲ ದಿನಾನೇ ಗೊತ್ತಾಯ್ತು" ಎಂದು ಹುಡುಗಿಯ ಹತ್ತಿರ ದೂರಿದೆ.

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ನಗು ಬಂತು.

"ಅಕ್ಕಾ, ಅವರು ಉಪ್ಪುನೀರಿನ ಗುಂಪು. ಮೂವತ್ತು ವರ್ಷದ ಪರಿಚಯ ಪಕ್ಕಾ ನೆನಪಿದೆ, ಅದಕ್ಕೇ ಮೂಸಿಯೂ ನೋಡಲ್ಲ!"

೫. ಬರೀ ಹಣೆ

ಜನವರಿಯ ಒಂದು ಮಧ್ಯಾಹ್ನ, ಎರಡನೇ ಸಲ ಗೂಡಿಗೆ ಬಿಡಬೇಕಾದ ಮರಿ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಹುಡುಗಿ ಸ್ಟಾಪ್‌ವಾಚ್ ಹಿಡಿದು, ಇಲ್ಲದ ದೇವರಿಗೆಲ್ಲ ಹರಕೆ ಹೊರುತ್ತ ನಿಂತಿದ್ದಳು. ಇಷ್ಟು ದಿನ ಇಲಿ ಮೂಸಿದ್ದಾಯಿತು, ನಾನೂ ಒಂದು ಸಲ ಯಾಕೆ ಮೂಸಬಾರದು ಎನ್ನಿಸಿತು. ಮರಿಯನ್ನು ಮೂಗಿನ ಹತ್ತಿರ ತಂದೆ.

ಒಂದು ಕ್ಷಣ ನಾನು ಅಲ್ಲಿರಲಿಲ್ಲ. ಎಸ್ಸೆಸ್ಸೆಲ್ಸಿ ಲೆಕ್ಕದ ಪರೀಕ್ಷೆಯ ಬೆಳಿಗ್ಗೆ, ನ್ಯೂ ಟೌನಿನ ನಮ್ಮ ಹಳೇ ಕ್ವಾರ್ಟರ್ಸಿನ ಮೆಟ್ಟಿಲು. ಪಕ್ಕದ ಮನೆಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, ನನ್ನ ಗಲ್ಲ ಹಿಡಿದೆತ್ತಿ, ಕಣ್ಣಿಗೆ ಬೀಳದ ಹಾಗೆ ಕೈ ಅಡ್ಡ ಹಿಡಿದು, ಹಣೆಗೆ ಏನೋ ಹಚ್ಚುತ್ತಿದ್ದಾರೆ. ನನ್ನ ಹೆದರಿಕೆ ಇಳಿಯುತ್ತಿದೆ. ಆ ಪಾಟಿ ಹೋಗಿ ಎಷ್ಟೋ ವರ್ಷವಾಯಿತು, ಅವರ ಮುಖ ಕೂಡ ನನಗೆ ಸರಿಯಾಗಿ ನೆನಪಿಲ್ಲ. ಆದರೆ ಆ ವಾಸನೆ ಹೇಗೆ ಮರೆಯಲಿ?

"ವಿಭೂತಿ!" ಎಂದು ಕೂಗಿದೆ.

ಬಿಳಿ ಇಲಿಯ ಮೇಲೆ ಬಿಳಿ ವಿಭೂತಿ ಯಾರ ಕಣ್ಣಿಗೆ ಕಾಣಬೇಕು! ಪಕ್ಕದ ಕೋಣೆಯ ಬಾಗಿಲನ್ನು ಮೆಲ್ಲಗೆ ಸರಿಸಿ ಇಬ್ಬರೂ ಇಣುಕಿದೆವು. ಪೆರಿಯಮ್ಮ ಇನ್ನೊಂದು ಮರಿಯನ್ನು ಅಂಗೈಯಲ್ಲಿ ಕೂರಿಸಿಕೊಂಡು, ಸೆರಗಿನ ಗಂಟಿನಿಂದ ಪೊಟ್ಟಣ ಬಿಚ್ಚಿ, "ಮುರುಗಾ, ಕಾಪಾಡಪ್ಪ" ಎಂದು ಅದರ ಎರಡು ಕಿವಿಗಳ ನಡುವೆ ಹಚ್ಚುತ್ತಿದ್ದರು. ಮರಿ ಕಣ್ಣು ಮುಚ್ಚಿ ಹಚ್ಚಿಸಿಕೊಳ್ಳುತ್ತಿತ್ತು.

"ಏನ್ಮಾಡ್ತಿದೀರಿ ಪೆರಿಯಮ್ಮಾ?"

"ಪಾವಂ ಕಣಮ್ಮ, ಮಗು ಹೆದರ್ಕೊಂಡಿದೆ. ಅಷ್ಟು ದೊಡ್ಡ ಇಲಿ ಮೈಯೆಲ್ಲ ಮೂಸಿ ಮೂಸಿ ಬಿಟ್ಟಿದೆ. ನೋಡು, ಎದೆ ಹೆಂಗೆ ಹೊಡ್ಕೋತಿದೆ. ಮತ್ತೆ ಆ ರಾಕ್ಷಸನ ಹತ್ರಾನೇ ಕಳಿಸ್ತೀರಲ್ಲ, ಬರೀ ಹಣೇಲಿ ಹೆಂಗೆ ಕಳಿಸೋದು?"

"ಎಷ್ಟು ದಿನದಿಂದ?"

"ಬಂದ ದಿನದಿಂದ. ಒಂದು ಮಗುನೂ ಬಿಟ್ಟಿಲ್ಲಮ್ಮ" ಎಂದರು ಪೆರಿಯಮ್ಮ, ಹೆಮ್ಮೆಯಿಂದ.

ಹುಡುಗಿ ಅಲ್ಲೇ ನೆಲದ ಮೇಲೆ ಕೂತು ನಗಲು ಶುರುಮಾಡಿದಳು. ನಗು ಯಾವಾಗ ಅಳುವಾಯಿತೋ ನನಗೆ ತಿಳಿಯಲಿಲ್ಲ. ಅವಳ ಇಲಿಗಳು ಏನೂ ಮರೆತಿರಲಿಲ್ಲ. ವಾಸನೆ ಬದಲಾದ ಮರಿಯನ್ನು ಹೊಸಬನೆಂದು ತಿಳಿದು ಮರ್ಯಾದೆಯಾಗಿ ಮೂಸಿದ್ದವು, ಅಷ್ಟೇ. ಸದ್ದು ಕೇಳಿ ಬಂದ ಮೇಡಂ ವಿಷಯ ತಿಳಿದು ಕೆಂಡವಾದರು, ಇನ್ನು ಮರಿಗಳಿಗೆ ಹಚ್ಚಲೇಕೂಡದು ಎಂದರು. ಪೆರಿಯಮ್ಮನೂ ಕೆಂಡವಾದರು.

"ಹಂಗಾದ್ರೆ ನಾನು ವಾಪಸ್ ಹಾಸ್ಟೆಲಿಗೇ ಹೋಗ್ತೀನಿ. ಬರೀ ಹಣೆ ಮಗೂನ ಆ ಗೂಡಿಗೆ ಹಾಕೋ ಪಾಪ ನಂಗೆ ಬೇಡ."

ಹುಡುಗಿ ಕಣ್ಣು ಒರೆಸಿಕೊಂಡು ಎದ್ದು ಅವರ ಮುಂದೆ ನಿಂತಳು. "ಪೆರಿಯಮ್ಮಾ, ಅವಕ್ಕೆ ಬೇಡ. ನಂಗೆ ಹಚ್ಚಿ. ಅವಕ್ಕಿಂತ ಜಾಸ್ತಿ ನಾನು ಹೆದರಿದೀನಿ."

ಪೆರಿಯಮ್ಮ ಅಂಗೈಯಲ್ಲಿದ್ದ ಮರಿಯನ್ನು ಅದರ ಗೂಡಿಗೆ ಬಿಟ್ಟರು. ಆಮೇಲೆ ಅವಳ ಗಲ್ಲ ಹಿಡಿದೆತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು, ಮೂರು ಬೆರಳಲ್ಲಿ ಹಣೆತುಂಬ ಹಚ್ಚಿದರು. ನನ್ನ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ. ನಾವು ದಿನವೂ ಹಚ್ಚಿಕೊಂಡರೆ ಅದು ದಿನವೂ ಇರುವ ವಾಸನೆ, ಇಲಿಗಳಿಗೆ ಅಡ್ಡಿಯಿಲ್ಲ ಎಂದು ಮೇಡಂ ಒಪ್ಪಿಕೊಂಡರು. ಮರುದಿನದಿಂದ ಬೆಳಿಗ್ಗೆ ಪ್ರಯೋಗಕ್ಕೆ ಮುಂಚೆ ಪೆರಿಯಮ್ಮನ ಮುಂದೆ ಮೂವರು ಸಾಲಾಗಿ ನಿಲ್ಲುತ್ತಿದ್ದೆವು. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಮೇಡಂ.

೬. ಒಂದು ಚಿಟಿಕೆ

ಶಿವರಾತ್ರಿಗೆ ಇನ್ನೂ ನಾಲ್ಕು ದಿನ ಇರುವಾಗಲೇ ಉಪ್ಪುನೀರಿನ ಇಲಿಗಳಿಗೆ ಗುರುತು ಸಿಕ್ಕಿತು, ಮದ್ದಿನವಕ್ಕೆ ಸಿಗಲಿಲ್ಲ. ಹುಡುಗಿ ಪ್ರಬಂಧ ಬರೆದಳು. ಕೆಟ್ಟುಹೋದ ತಿಂಗಳುಗಳನ್ನೂ ಅದರಲ್ಲಿ ಸೇರಿಸು ಎಂದು ಮೇಡಂ ಹೇಳಿದರು. ಮರಿ ಅದೇ, ರೂಪ ಅದೇ, ಒಂದಿಷ್ಟು ವಾಸನೆ ಬದಲಾದ ಮಾತ್ರಕ್ಕೆ ಇಲಿ ಗುರುತು ಹಿಡಿಯಲಿಲ್ಲ ಎಂದರೆ, ಅದು ನೆನಪಿಡುವುದು ಮೂಗಿನಿಂದಲೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲವಲ್ಲ. ಹೀಗೆ ಪೆರಿಯಮ್ಮನ ವಿಭೂತಿ "ಸುಗಂಧಿತ ಭಸ್ಮ" ಎಂಬ ಹೆಸರಿನಲ್ಲಿ ನಾಲ್ಕನೇ ಅಧ್ಯಾಯ ಹೊಕ್ಕಿತು.

ವೈವಾ ಮಾಡಲು ಬೇರೆ ಊರಿನಿಂದ ಬಂದ ಪರೀಕ್ಷಕರು ದಪ್ಪ ಕನ್ನಡಕದವರು, ನಗುವುದರಲ್ಲಿ ಬಹಳ ಹಿಡಿತದವರು. ಎಲ್ಲರ ಮುಂದೆ ಪ್ರಶ್ನೆ ಕೇಳಿ, ಉತ್ತರ ಒಪ್ಪಿಗೆಯಾದರೆ ಮಾತ್ರ ಡಾಕ್ಟರೇಟ್. ಮುಂದಿನ ಸಾಲಿನಲ್ಲಿ ಹುಡುಗಿಯ ತಂದೆ ತಾಯಿ, ಹಿಂದೆ ನಾನು, ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದ ಪೆರಿಯಮ್ಮ. ಮೂರು ಅಧ್ಯಾಯ ಸುಸೂತ್ರವಾಗಿ ದಾಟಿತು. ನಾಲ್ಕನೆಯದರಲ್ಲಿ ಅವರ ಬೆರಳು ನಿಂತಿತು.

"ಈ ಭಸ್ಮ ಎಲ್ಲ ಮರಿಗಳಿಗೂ ಒಂದೇ ಪ್ರಮಾಣದಲ್ಲಿ ಹಚ್ಚಿದ್ರಾ?"

"ಹೌದು ಸರ್."

"ತೂಕ ಎಲ್ಲಿ ಬರೆದಿದೀರಿ?"

ಹುಡುಗಿ ಪ್ರಬಂಧದ ಪುಟ ತಿರುವಿದಳು. ಯಾರೂ ತೂಗಿರಲಿಲ್ಲ.

"ಒಂದಕ್ಕೆ ಜಾಸ್ತಿ, ಇನ್ನೊಂದಕ್ಕೆ ಕಮ್ಮಿ ಆಗಿದ್ರೆ ಈ ಅಧ್ಯಾಯ ನಿಲ್ಲಲ್ಲ. ಅಧ್ಯಾಯ ನಿಲ್ಲದಿದ್ರೆ ಪ್ರಬಂಧ ತಿದ್ದಿ ಮತ್ತೆ ಕೊಡ್ಬೇಕಾಗುತ್ತೆ. ನಿಮಗೆ ಸಮಯ ಉಳಿದಿದೆಯಾ?"

ಉಳಿದಿರಲಿಲ್ಲ, ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹುಡುಗಿಯ ತಂದೆ ತುಟಿ ಅಲುಗಿಸುತ್ತ ಏನೋ ಜಪಿಸತೊಡಗಿದರು. ಮೇಡಂ ನೆಲ ನೋಡಿದರು.

"ಹಚ್ಚಿದ್ದು ಯಾರು?"

"ನಾನೇ ಸಾರ್" ಎಂದು ಬಾಗಿಲಿನಿಂದ ದನಿ ಬಂತು. ಪೆರಿಯಮ್ಮ ಚಹಾದ ತಟ್ಟೆ ಕೆಳಗಿಟ್ಟು ಮುಂದೆ ಬಂದರು.

"ಎಷ್ಟು ಹಚ್ಚಿದ್ರಿ ಅಮ್ಮ?"

"ಒಂದು ಚಿಟಿಕೆ."

"ಪ್ರತಿ ಸಲಾನೂ ಅಷ್ಟೇ ಅಂತ ಏನು ಗ್ಯಾರಂಟಿ?"

"ಐದು ಮಕ್ಕಳು, ಹನ್ನೊಂದು ಮೊಮ್ಮಕ್ಕಳಿಗೆ ಹಚ್ಚಿದ ಕೈ ಸಾರ್ ಇದು. ಒಬ್ಬರಿಗೆ ಜಾಸ್ತಿ ಆದ್ರೆ ಇನ್ನೊಬ್ಬರು ಜಗಳಕ್ಕೆ ಬರ್ತಾರೆ. ಬೇಕಾದ್ರೆ ತೂಗಿ ನೋಡಿ."

ಪರೀಕ್ಷಕರು ಪಟ್ಟು ಬಿಡುವವರಲ್ಲ. ತಕ್ಕಡಿ ತನ್ನಿ ಎಂದರು. ನಾನೇ ಓಡಿಹೋಗಿ ರಾಸಾಯನಿಕ ತೂಗುವ ತಕ್ಕಡಿಯನ್ನು ಮಗುವಿನ ಹಾಗೆ ಎದೆಗವಚಿಕೊಂಡು ತಂದೆ. ಪೆರಿಯಮ್ಮ ಸೆರಗಿನ ಗಂಟು ಬಿಚ್ಚಿದರು. ಒಂದು ಚಿಟಿಕೆ, ಅಂಕಿ ಓದಿದ್ದಾಯಿತು. ಒರೆಸಿ ಇನ್ನೊಂದು. ಹೀಗೆ ಹತ್ತು ಸಲ. ಪ್ರತಿ ಚಿಟಿಕೆಗೂ ಸಭೆ ಕುರ್ಚಿಯಿಂದ ಅರ್ಧ ಎದ್ದು ನೋಡಿತು. ಕಟ್ಟಕಡೆಯ ಅಂಕಿ ಅತ್ತಿತ್ತ ಆದದ್ದು ಬಿಟ್ಟರೆ ಏನೂ ಕದಲಲಿಲ್ಲ. ಪರೀಕ್ಷಕರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಹತ್ತೂ ಅಂಕಿಗಳನ್ನು ಇನ್ನೊಂದು ಸಲ ಓದಿದರು.

"ನಮ್ಮ ಹುಡುಗರು ಯಂತ್ರದಲ್ಲಿ ಅಳೆದ್ರೂ ಇಷ್ಟು ಸಮ ಬರಲ್ಲ" ಎಂದವರೇ ಎದ್ದು ನಿಂತು ಹುಡುಗಿಯನ್ನು "ಡಾಕ್ಟರ್" ಎಂದು ಕರೆದು ಕೈ ಕುಲುಕಿದರು. ಅವಳ ತಂದೆ ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಹುಡುಗಿ ಮೇಡಂ ಅವರನ್ನೂ ದಾಟಿ, ಅಪ್ಪ ಅಮ್ಮನನ್ನೂ ದಾಟಿ ಹೋಗಿ ಮೊದಲು ಪೆರಿಯಮ್ಮನ ಕಾಲಿಗೆ ಬಿದ್ದಳು. ಅಷ್ಟು ಸಂತೋಷ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಊಟ ಮುಗಿದು ಎಲ್ಲರೂ ಫೋಟೋ ತೆಗೆಸಿಕೊಳ್ಳುವಾಗ ಪರೀಕ್ಷಕರು ಮಾತ್ರ ವರಾಂಡದ ಕಡೆ ಸರಿದದ್ದು ಕಂಡಿತು. ಅಲ್ಲಿ ಪೆರಿಯಮ್ಮ ಲೋಟ ತೊಳೆಯುತ್ತಿದ್ದರು, ನಾನು ಒರೆಸಿಡುತ್ತಿದ್ದೆ. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿದರು.

"ಅಮ್ಮಾ, ಅದರಲ್ಲಿ ಒಂದು ಪೊಟ್ಟಣ ನಂಗೆ ಕಟ್ಟಿಕೊಡ್ತೀರಾ? ಅಲ್ಲಿ ನನ್ನ ವಿದ್ಯಾರ್ಥಿಗಳ ಪ್ರಯೋಗಗಳೂ ಸರಿಯಾಗಿ ಬರ್ತಿಲ್ಲ."

"ಕೊಡ್ತೀನಿ ಸಾರ್. ಯಾರಿಗೆ ಹಚ್ಚಕ್ಕೆ? ಹುಡುಗರಿಗಾ, ಇಲಿಗಳಿಗಾ?"

ಪರೀಕ್ಷಕರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಪೆರಿಯಮ್ಮನ ಮುಂದೆ ತಲೆ ಬಗ್ಗಿಸಿದರು.

"ಮೊದ್ಲು ನಂಗೇ ಹಚ್ಚಿಬಿಡಿ ಅಮ್ಮ. ಮುಂದಿನ ವಾರ ನನ್ನ ಹುಡುಗನ ವೈವಾ ಇದೆ. ಪರೀಕ್ಷಕರಾಗಿ ಬರ್ತಿರೋದು ನಿಮ್ಮ ಮೇಡಂ."